ಧಾರಾವಾಹಿಯ ಭಯ, ಮಗಳ ಓದು

1994ರಲ್ಲಿ ಉದಯ ಟಿ.ವಿ. ಆರಂಭವಾದಂದಿನಿಂದ ಕಾಸರಗೋಡಿನ ಕನ್ನಡ ಮನೆಗಳಿಗೂ ಧಾರಾವಾಹಿಗಳು ಬಂದುವು. ಹೊರಗೆ ಮಲಯಾಳವೇ ಕೇಳುವಲ್ಲಿ ಸಂಜೆ ಹೊತ್ತು ಕನ್ನಡ ಕಿವಿಗೆ ಬೀಳುವುದು ಸಂತೋಷವೇ ಸರಿ. ಆದರೆ ಧಾರಾವಾಹಿಯ ಬೆಂಗಳೂರಿನಲ್ಲಿ ಬರೀ ಸಂಚು, ಬೆನ್ನಿಗೇ ಬರುವ ವಾರ್ತೆಯಲ್ಲಿ ಬರೀ ಕೊಲೆ. ಇವನ್ನೇ ದಿನವೂ ನೋಡಿದ ಹಿರಿಯರು, ‘ಮಗಳನ್ನು ದೂರದ ಪೇಟೆಗೆ ಓದಲು ಕಳುಹಿಸುವುದು ಬೇಡ’ ಎಂದುಬಿಡುವುದು ವಿಷಾದಕರ.

ನಗರದಲ್ಲಿ ಅಪರಾಧವೇ ಇಲ್ಲವೆಂದು ನಮ್ಮ ವಾದವಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳ ಪ್ರಕಾರ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ 10ರಲ್ಲಿ 9ಕ್ಕೂ ಹೆಚ್ಚಿನವುಗಳ ಆರೋಪಿ ಪರಿಚಿತನೇ: ಬಂಧು, ನೆರೆಯವ ಅಥವಾ ಸ್ನೇಹಿತ. ಹೀಗಿರುವಾಗ ಮಗಳನ್ನು ಮನೆಯಲ್ಲಿ ಕೂರಿಸಿದ ಮಾತ್ರಕ್ಕೆ ಆಕೆ ಸುರಕ್ಷಿತಳೆಂದು ಭಾವಿಸುವಂತಿಲ್ಲ.

ಬೇಕಾದುದು ಬೇರೆ. ಅಹಿತವಾದುದು ನಡೆದರೆ ಅಂಜದೆ ಹೇಳುವಷ್ಟು ಸಲಿಗೆ ಮಕ್ಕಳಿಗೆ ಮನೆಯಲ್ಲಿರಬೇಕು. ಹೇಳಿದಾಗ ‘ಮರ್ಯಾದೆ ಹೋದೀತು’ ಎಂದು ಬಾಯಿ ಮುಚ್ಚಿಸಬಾರದು. ಮಕ್ಕಳ ಸಹಾಯವಾಣಿ 1098, ತುರ್ತು ನೆರವಿನ 112 ಸಂಖ್ಯೆಗಳು ಮನೆಮಂದಿಗೆಲ್ಲ ಬಾಯಿಪಾಠವಾಗಿರಲಿ. ಹಾಸ್ಟೆಲನ್ನು ಸ್ವತಃ ಹೋಗಿ ನೋಡಿ, ಅಲ್ಲಿ ಓದುತ್ತಿರುವ ನಮ್ಮೂರ ಹುಡುಗಿಯರನ್ನೇ ವಿಚಾರಿಸಿ ನಿರ್ಧರಿಸಲಿ.

ಅಲ್ಪಸಂಖ್ಯಾತರಾದ ನಮಗೆ ವಿದ್ಯೆಯೇ ಬಲ. ಅದನ್ನು ಧಾರಾವಾಹಿಯ ಕತೆಗೆ ಹೆದರಿ ಬಿಟ್ಟುಕೊಡುವುದು ತರವಲ್ಲ.