ಅದ್ಭುತಕಥೆಯೂ ಪ್ರಣಯಪ್ರಸಂಗವೂ

ಅದ್ಭುತಕಥೆಗಳಲ್ಲಿ ಪ್ರಣಯಪ್ರಸಂಗಗಳು ಬರುವುದರಿಂದ ಅವು ತರುಣರ ಕೈಗೆ ಕೊಡತಕ್ಕವಲ್ಲವೆಂಬ ಮಾತು ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಇದಕ್ಕೆ ಪ್ರತಿಯಾಗಿ ಮತ್ತೊಂದು ಪಕ್ಷದವರು, ಪ್ರಣಯದಲ್ಲಿ ಮನಸ್ಸು ನಿಲ್ಲದವನು ಅರಸಿಕನು, ಅವನು ಅಂಥ ಗ್ರಂಥವನ್ನು ಮುಟ್ಟಲೇಬಾರದು ಎನ್ನುತ್ತಾರೆ. ಈ ಎರಡು ಪಕ್ಷಗಳೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಮೊದಲನೆಯ ಪಕ್ಷದವರು 'ಕಾದಂಬರಿ' ಎಂಬ ಶಬ್ದದ ಮೂಲವನ್ನೇ ಮರೆತಿದ್ದಾರೆ. ಕನ್ನಡಿಗರೂ ಮರಾಠಿಗರೂ ಯಾವ ಹೆಸರಿನಿಂದ ದೀರ್ಘವಾದ ಗದ್ಯಕಥೆಯನ್ನು ಕರೆಯುತ್ತಾರೋ, ಅದು 7ನೆಯ ಶತಮಾನದ ಬಾಣಭಟ್ಟನ ಕಥಾನಾಯಿಕೆಯ ಹೆಸರು. ಆ ಕಥೆಯಲ್ಲಿ ಇಲ್ಲದ ಅದ್ಭುತವಾದರೂ ಯಾವುದು? ವಿದಿಶೆಯ ಅರಸನೆದುರಿಗೆ ಗಿಳಿಯೊಂದು ತನ್ನ ವೃತ್ತಾಂತವನ್ನು ಹೇಳುತ್ತದೆ. ಇಂದ್ರಾಯುಧವೆಂಬ ಕುದುರೆಯನ್ನೇರಿದ ರಾಜಪುತ್ರನು ಕಿನ್ನರಮಿಥುನವನ್ನು ಬೆನ್ನಟ್ಟಿ ಅಚ್ಛೋದ ಸರೋವರದ ತೀರಕ್ಕೆ ಬರುತ್ತಾನೆ. ಆ ಕುದುರೆಯೇ ಶಾಪಗ್ರಸ್ತನಾದ ಮುನಿಕುಮಾರನೆಂದು ಕೊನೆಗೆ ತಿಳಿಯುತ್ತದೆ. ಈ ಗ್ರಂಥವನ್ನೇ ಸುಮಾರು 1000 ವರ್ಷಗಳ ಹಿಂದೆ ನಾಗವರ್ಮನು ಚಂಪೂರೂಪದಿಂದ ಕನ್ನಡಕ್ಕೆ ತಂದನು. 19ನೆಯ ಶತಮಾನದಲ್ಲಿ ಶಿಕ್ಷಕರಾಗಿದ್ದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಕನ್ನಡ ಗದ್ಯಕ್ಕಿಳಿಸಿದರು. ಯೌವನದ ಮದವನ್ನೂ ಸಂಪತ್ತಿನ ಮದವನ್ನೂ ಕುರಿತು ಎಚ್ಚರಿಸುವ ಶುಕನಾಸೋಪದೇಶವನ್ನು ಪಾಠಶಾಲೆಗಳಲ್ಲಿ ಇಂದಿಗೂ ಕಲಿಸುತ್ತಾರಷ್ಟೆ. ಅದಿರುವುದೂ ಈ ಪ್ರಣಯಗ್ರಂಥದಲ್ಲಿಯೇ. ಪ್ರಣಯವುಳ್ಳದ್ದೆಲ್ಲ ತ್ಯಾಜ್ಯವಾದರೆ ಈ ಉಪದೇಶವೂ ಹೊರಗೆ ಬೀಳಬೇಕಷ್ಟೆ!

ದೂರ ಹೋಗುವುದೇಕೆ? ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿಸಿದ ಗರತಿಯರ ಹಾಡುಗಳಲ್ಲಿ ಗಂಡಹೆಂಡಿರ ಒಲವೂ ಉಂಟು, ಮುನಿಸೂ ಉಂಟು. ಅಂಥ ಹಾಡುಗಳನ್ನು ತಾಯಂದಿರು ಬೀಸುವ ಕಲ್ಲಿನ ಮುಂದೆ, ಮಕ್ಕಳು ಕೇಳುವಂತೆಯೇ ಹಾಡಿದರು. ಹಾಡಿನಲ್ಲಿ ದೋಷವಲ್ಲದ್ದು ಅಚ್ಚಾದ ಪುಸ್ತಕದಲ್ಲಿ ದೋಷವಾಗುವುದು ಹೇಗೆ?

ಇದರಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಹೂವಿನ ಹಿಪ್ಪರಗಿಯಿರಲಿ, ಬಾಗೇವಾಡಿಯಿರಲಿ, ಸಿಂದಗಿಯಿರಲಿ, ಒಂದೇ ಪುಸ್ತಕವು ಮಗನ ಕೈಯಲ್ಲಿದ್ದರೆ ವಿನೋದವೆಂದೂ, ಮಗಳ ಕೈಯಲ್ಲಿದ್ದರೆ ಕೇಡೆಂದೂ ಎಣಿಸುವ ಹಿರಿಯರುಂಟು. ಹದಿನೆಂಟು ತುಂಬುವ ಮೊದಲೇ ಮಗಳ ಮದುವೆಯ ಮಾತು ತೆಗೆಯುವ ಮನೆಗಳೂ ಈ ಸೀಮೆಯಲ್ಲಿ ಇಲ್ಲದಿಲ್ಲ. ಮದುವೆಗೆ ಎಳೆಯಳಲ್ಲದವಳು ಪ್ರಣಯದ ನಾಲ್ಕು ಪುಟಗಳಿಗೆ ಎಳೆಯಳಾಗುವುದು ಯಾವ ನ್ಯಾಯ? ಪುಸ್ತಕವನ್ನು ಕಸಿದುಕೊಂಡರೆ ಅಳಿಯುವುದು ಪ್ರಣಯವಲ್ಲ, ವಾಚನಾಭ್ಯಾಸ.

ಇನ್ನು ಎರಡನೆಯ ಪಕ್ಷ. ಪ್ರಬಂಧದಲ್ಲಿ ರಸಗಳು ಹಲವಿದ್ದರೂ ಒಂದನ್ನು ಅಂಗಿಯಾಗಿ ನಿಲ್ಲಿಸಬೇಕೆಂದು ಆನಂದವರ್ಧನನು ಕವಿಗೆ ವಿಧಿಸಿದನು, ಓದುಗನಿಗಲ್ಲ. ಕವಿಯು ಶೃಂಗಾರಕ್ಕೆ ಮೊದಲ ಮಣೆ ಹಾಕಿದ ಮಾತ್ರಕ್ಕೆ, ಹದಿನಾಲ್ಕರ ಬಾಲಕನು ಅದ್ಭುತದಲ್ಲಿ ಹೆಚ್ಚು ರಮಿಸಬಾರದೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ದೀರ್ಘವಾದ ವಿರಹವರ್ಣನೆಗಳನ್ನು ದಾಟಿ ಹೋಗುವುದು ಪಾಪವೂ ಅಲ್ಲ; ಕಾಶ್ಮೀರದ ಅಭಿನಂದನು ಬಾಣನ ಕಥೆಯನ್ನೆಲ್ಲ ಎಂಟು ಸರ್ಗಗಳಲ್ಲಿ ಸಂಗ್ರಹಿಸಲಿಲ್ಲವೆ? 2005ರಲ್ಲಿ ಹೊರಬಂದ ಹ್ಯಾರಿ ಪಾಟರ್ ಕಥೆಯ ಆರನೆಯ ಸಂಪುಟದಲ್ಲಿ ಹದಿಹರೆಯದವರ ಒಲವು ಮುನಿಸುಗಳು ಸಾಕಷ್ಟಿವೆ. ಅವುಗಳಲ್ಲಿ ಬೇಸತ್ತ ಹುಡುಗಿಯೂ, ಹಳೆಯ ಪಾಠಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆದಿಟ್ಟವನು ಯಾರೆಂಬ ಕುತೂಹಲದಿಂದ ಕೊನೆಯ ಪುಟದವರೆಗೆ ಓದಬಲ್ಲಳು. ಅವಳನ್ನು ಅರಸಿಕಳೆನ್ನುವುದು ಅವಿವೇಕ.

ಕಥೆಗೆ ಸಂಬಂಧವಿಲ್ಲದ ಪ್ರಣಯವನ್ನು ತುರುಕಿದ ಲೇಖಕನನ್ನು ಖಂಡಿಸಲೇಬೇಕು. ಆದರೆ ಪ್ರಣಯವೇ ಕಥೆಯ ಸೂತ್ರವಾಗಿರುವಲ್ಲಿ ವಿವೇಚನೆ ಬೇಕು. ಮಹಾಶ್ವೇತೆಯ ಒಲವನ್ನು ತೆಗೆದುಬಿಟ್ಟರೆ ಶಾಪಗಳಿಗೂ ಪುನರ್ಜನ್ಮಗಳಿಗೂ ಆಧಾರವೇ ಉಳಿಯದು. ದಾರವು ಚೆಂದವಿಲ್ಲವೆಂದು ಯಾರೂ ಹೂವಿನ ಮಾಲೆಯನ್ನು ಬಿಸುಡುವುದಿಲ್ಲ.

ಆದುದರಿಂದ ಹಿರಿಯರು ಪುಸ್ತಕವನ್ನು ಕಸಿಯುವುದನ್ನು ಬಿಟ್ಟು, ತಾವೂ ಅದನ್ನೋದಿ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲವೆಂದು ಮಕ್ಕಳನ್ನು ಕೇಳಲಿ. ಮೆಚ್ಚದುದನ್ನು ಮೆಚ್ಚಲಿಲ್ಲವೆಂದು ಧೈರ್ಯದಿಂದ ಹೇಳಿ, ಮೆಚ್ಚಿದುದನ್ನು ಸಂಕೋಚವಿಲ್ಲದೆ ಸವಿಯಬಲ್ಲವನೇ ಸಹೃದಯನು. ಆ ಶಿಕ್ಷಣವು ಮನೆಯಲ್ಲಿಯೇ ಆರಂಭವಾಗತಕ್ಕದ್ದು.