ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ

ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ ಈಗ ಕೊರೊನಾ ಮಾತು ಅಪರೂಪ. ಲಾಕ್‌ಡೌನ್ ಮುಗಿದು ವರ್ಷಗಳೇ ಆದವು. ಕಬ್ಬಾಳಮ್ಮನ ಗುಡಿಗೆ ಹರಕೆ ಹೊತ್ತವರು ಮೊದಲಿನಂತೆ ಬರುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಆದರೂ ‘ಕೊರೊನಾ ಬಂದು ಹೋದ ಮೇಲೆ ಮೈಯಲ್ಲಿ ಕಸುವೇ ಇಲ್ಲ’ ಎನ್ನುವವರು ಊರೂರಲ್ಲೂ ಸಿಗುತ್ತಾರೆ. ಹಾಗೆನ್ನುವವರಿಗೆ ಮೊದಲೇ ಲಿವರ್ ಕಾಯಿಲೆ ಇದ್ದರೆ ಮನೆಯವರು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವಂತಿಲ್ಲ.

ಲಿವರ್, ಅಂದರೆ ಯಕೃತ್ತು, ಬಲಪಕ್ಕೆಯ ಕೆಳಗಿರುವ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ವರ್ಷಗಟ್ಟಲೆ ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯಿಂದ ಸೇರುವ ಕೊಬ್ಬು ಇವುಗಳಿಂದ ಅದು ನಿಧಾನವಾಗಿ ಗಾಯಗೊಳ್ಳುತ್ತದೆ. ಗಾಯ ಮಾಗಿ ಕಲೆಗಟ್ಟಿ ಅಂಗವೇ ಗಡುಸಾದಾಗ ಅದು ಸಿರೋಸಿಸ್. ಕುಡಿಯದವರಿಗೂ ಸಿರೋಸಿಸ್ ಬರುತ್ತದೆ ಎಂಬುದನ್ನು ನಮ್ಮ ಜನ ಇನ್ನೂ ನಂಬುವುದಿಲ್ಲ.

ಇಂಥವರಿಗೆ ಕೊರೊನಾ ಬಂದಾಗ ಏನಾಯಿತು? 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 29 ದೇಶಗಳ 745 ಲಿವರ್ ರೋಗಿಗಳ ಲೆಕ್ಕವಿದೆ. ಸಿರೋಸಿಸ್ ಇಲ್ಲದವರಲ್ಲಿ ಶೇ. 8ರಷ್ಟು ಮಂದಿ ತೀರಿಕೊಂಡರೆ, ಇದ್ದವರಲ್ಲಿ ಶೇ. 32ರಷ್ಟು. ಸಿರೋಸಿಸ್ ಇದ್ದವರಲ್ಲಿ ಅರ್ಧಕ್ಕೆ ಹತ್ತಿರ ಜನರ ಲಿವರ್ ಸೋಂಕಿನ ವೇಳೆಯಲ್ಲೇ ಸೋತಿತು. ಹೊಟ್ಟೆಯಲ್ಲಿ ನೀರು ತುಂಬಿತು ಅಥವಾ ಬುದ್ಧಿಗೆ ಮಂಕು ಕವಿಯಿತು. ಹೀಗೆ ಸೋತವರಲ್ಲಿ ಕೆಲವರಿಗೆ ಕೆಮ್ಮು, ಉಬ್ಬಸ ಯಾವುದೂ ಇರಲಿಲ್ಲ.

ಬದುಕುಳಿದವರ ಕಥೆ ಬೇರೆ. ಕೊರೊನಾ ಬಂದ ಮೂರು ತಿಂಗಳ ಹೊತ್ತಿಗೂ ಇದ್ದು, ಕನಿಷ್ಠ ಎರಡು ತಿಂಗಳು ಬಿಡದ ತೊಂದರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಕೋವಿಡೋತ್ತರ ಸ್ಥಿತಿ ಎನ್ನುತ್ತದೆ. ಸುಸ್ತು, ಮರೆವು, ನಿದ್ದೆಗೇಡು ಅದರ ಮುಖ್ಯ ಲಕ್ಷಣಗಳು. ಆದರೆ ಆ ವ್ಯಾಖ್ಯೆಯಲ್ಲಿ ಒಂದು ಷರತ್ತಿದೆ: ತೊಂದರೆಗೆ ಬೇರೆ ಕಾರಣ ಇರಬಾರದು. ಲಿವರ್ ರೋಗಿಯಲ್ಲಿ ಬೇರೆ ಕಾರಣ ಬಾಗಿಲಲ್ಲೇ ಕುಳಿತಿರುತ್ತದೆ. ಸೋತ ಲಿವರ್ ಅಮೋನಿಯಾದಂಥ ವಿಷಗಳನ್ನು ಶುದ್ಧಿ ಮಾಡಲಾರದೆ ಅವು ಮೆದುಳಿಗೆ ಏರಿದಾಗಲೂ ಇದೇ ಸುಸ್ತು, ಇದೇ ಮರೆವು. ರಾತ್ರಿ ಎಚ್ಚರ, ಹಗಲು ತೂಕಡಿಕೆ. ‘ಕೊರೊನಾ ಸುಸ್ತು, ತಾನಾಗಿ ಹೋಗುತ್ತೆ’ ಎಂದು ಕಾಯುವ ಮನೆಯಲ್ಲಿ ಒಂದು ದಿನ ರೋಗಿ ಮಾತೇ ಆಡದಂತಾಗುತ್ತಾನೆ. ಇದಕ್ಕೆ ಔಷಧಿ ಇದೆ. ಮಲಬದ್ಧತೆ ಬಿಡಿಸುವ ಲ್ಯಾಕ್ಟುಲೋಸ್ ಸಿರಪ್ಪೇ ಅದರಲ್ಲಿ ಮೊದಲನೆಯದು.

ಇದನ್ನು ಮೊದಲು ಗುರುತಿಸುವವರು ಬಹಳ ಸಲ ಮನೆಯ ಮಕ್ಕಳೇ. ವೈದ್ಯರು ಬಳಸುವ ಒಂದು ಪುಟ್ಟ ಪರೀಕ್ಷೆಯನ್ನು ಹೈಸ್ಕೂಲು ಹುಡುಗಿಯೂ ಮಾಡಬಹುದು. ಗಡಿಯಾರ ನೋಡಿಕೊಂಡು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀಯ ಎಂದು ತಾತನನ್ನು ಕೇಳುವುದು, ಅಷ್ಟೆ. ಹದಿನೈದು ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹತ್ತೂ ಆಗದಿದ್ದರೆ ವೈದ್ಯರಿಗೆ ತಿಳಿಸಬೇಕು. ಸಾತನೂರು ಸೀಮೆಯ ರೈತರಿಗೆ ಆನೆ, ಚಿರತೆಗಳ ಹೆಸರು ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ!

ಕೊರೊನಾ ಪಿತ್ತನಾಳಗಳನ್ನೂ ಕೆಡಿಸಬಲ್ಲದು. ನ್ಯೂಯಾರ್ಕಿನಲ್ಲಿ ಆಸ್ಪತ್ರೆ ಸೇರಿದ್ದ 2,047 ಕೊರೊನಾ ರೋಗಿಗಳಲ್ಲಿ 12 ಮಂದಿಗೆ, ಸರಾಸರಿ 118 ದಿನಗಳ ನಂತರ, ಈ ತೊಂದರೆ ಕಾಣಿಸಿತು. ತೀರಾ ಅಪರೂಪ, ಅದೂ ಕಾಯಿಲೆ ವಿಪರೀತಕ್ಕೆ ಹೋಗಿದ್ದವರಲ್ಲಿ. ಬಿಡದ ಕಾಮಾಲೆ, ಮೈತುರಿಕೆ ಅದರ ಸುಳಿವು.

ಎಲ್ಲ ತಪ್ಪನ್ನೂ ವೈರಸ್ಸಿನ ತಲೆಗೆ ಕಟ್ಟುವುದೂ ಸರಿಯಲ್ಲ. ಆ ದಿನಗಳಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು ಈ ಬಳ್ಳಿ ಸೇವಿಸಿ ಲಿವರ್ ಕೆಡಿಸಿಕೊಂಡ ಆರು ಮಂದಿಯನ್ನು ಕಂಡರು. ಮುಂದೆ ದೇಶದ 13 ಕೇಂದ್ರಗಳಿಂದ ಇಂಥ 43 ಪ್ರಕರಣಗಳ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯೂ ಇದೆ, ಗುರುತು ತಪ್ಪಿರಬಹುದು ಎಂದಿತು. ವಾದ ಹೇಗೇ ಇರಲಿ, ಬೇಲಿಯಿಂದ ಕಿತ್ತ ಬಳ್ಳಿ ಯಾವುದೆಂದು ತಿಳಿಯದ ಲಿವರ್ ರೋಗಿ ಅದನ್ನು ಕುಡಿಯದಿರುವುದೇ ಮೇಲು. ನೋವಿನ ಮಾತ್ರೆಗಳ ವಿಷಯವೂ ಹಾಗೆಯೇ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳಿಂದ ಸಿರೋಸಿಸ್ ಇದ್ದವರ ಮೂತ್ರಪಿಂಡಗಳಿಗೆ ಅಪಾಯ. ಪ್ಯಾರಾಸಿಟಮಾಲ್ ಆಗಬಹುದು, ಆದರೆ ವೈದ್ಯರನ್ನು ಕೇಳಿ, ದಿನಕ್ಕೆ 2 ಗ್ರಾಂ ಮೀರದಂತೆ. ಅಂದರೆ 500 ಮಿಲಿಗ್ರಾಂನ ನಾಲ್ಕು ಮಾತ್ರೆ.

ಊಟದಲ್ಲೂ ಎಡವುವವರಿದ್ದಾರೆ. ಲಿವರ್ ಕಾಯಿಲೆಯೆಂದರೆ ಪಥ್ಯ ಎಂದು ಕಾಳು, ಮೊಟ್ಟೆ, ಹಾಲು ನಿಲ್ಲಿಸಿ ಗಂಜಿಗೆ ಇಳಿಸುತ್ತಾರೆ. ಕೊರೊನಾದಿಂದ ಮೊದಲೇ ಕರಗಿದ ಮಾಂಸಖಂಡ ಮತ್ತಷ್ಟು ಕರಗಿ ಸುಸ್ತು ಇಮ್ಮಡಿಯಾಗುತ್ತದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು ಧಾರಾಳವಾಗಿ ಆಗಬಹುದು. ಹೊಟ್ಟೆಯಲ್ಲಿ ನೀರು ತುಂಬಿದವರು ಮಾತ್ರ ಉಪ್ಪು ಇಳಿಸಬೇಕು. ಉಪ್ಪಿನಕಾಯಿ, ಹಪ್ಪಳ ಬಿಡಬೇಕು.

ಇನ್ನೊಂದು ವಿಷಯ ಹೆಪಟೈಟಿಸ್ ಬಿ. ಅನೇಕರಿಗೆ ಅದು ತಮ್ಮಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಕೊರೊನಾಗೆ ಕೊಟ್ಟ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್‌ಗಳು ಮಲಗಿದ್ದ ಆ ವೈರಸ್ಸನ್ನು ಎಬ್ಬಿಸಬಲ್ಲವು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆ ಮತ್ತು ಔಷಧಿ ಉಚಿತ.

2020, 21ರಲ್ಲಿ ಆಸ್ಪತ್ರೆ ಸೇರಿದ್ದವರ ಡಿಸ್ಚಾರ್ಜ್ ಚೀಟಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಇದೆ. ಅದು ಇಂಗ್ಲಿಷಿನಲ್ಲಿರುತ್ತದೆ, ಹಿರಿಯರು ಓದಿರುವುದಿಲ್ಲ. ಮಕ್ಕಳು ಅದನ್ನು ಹುಡುಕಿ ತೆಗೆದು, ಸ್ಟೆರಾಯ್ಡ್ ಹೆಸರಿದೆಯೇ, ಬಿಲಿರುಬಿನ್ ಎಷ್ಟಿತ್ತು ಎಂದು ನೋಡಿ, ಕನಕಪುರದ ಆಸ್ಪತ್ರೆಗೆ ಹೋಗುವಾಗ ತಾತನ ಜೇಬಿಗೆ ಹಾಕಿ ಕಳಿಸಿದರೆ ವೈದ್ಯರಿಗೆ ಅಂದಿನ ಅಂಕಿಯನ್ನು ಇಂದಿನದರೊಂದಿಗೆ ಹೋಲಿಸಲು ಸುಲಭವಾಗುತ್ತದೆ.