ಐವತ್ತನೇ ಪುಟದ ಬಸ್ ಟಿಕೆಟ್



ಮೊಬೈಲು ಬಂದು ಓದುವ ಚಟ ಹೋಯಿತೆಂದು ಕೊರಗುವವರ ಕಪಾಟಿನಲ್ಲಿ ಸಾಮಾನ್ಯವಾಗಿ ಕುವೆಂಪು ಅವರ ಒಂದು ‘ಮಲೆಗಳಲ್ಲಿ ಮದುಮಗಳು’ ಇರುತ್ತದೆ. ಐವತ್ತನೇ ಪುಟದ ಆಸುಪಾಸಿನಲ್ಲಿ ಗುರುತಿಗಿಟ್ಟ ಹಳೆಯ ಬಸ್ ಟಿಕೆಟ್ಟೂ ಇರುತ್ತದೆ. 1967ರಲ್ಲಿ ಬಂದ ಆ ಕಾದಂಬರಿಗೆ ಅವಸರವೆಂಬುದಿಲ್ಲ. ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಸವೆಸುವಷ್ಟರಲ್ಲಿ ಓದುಗನ ವಾಟ್ಸ್‌ಆ್ಯಪಿಗೆ ಇಪ್ಪತ್ತು ‘ಶುಭೋದಯ’ ಬಂದು ಬಿದ್ದಿರುತ್ತವೆ.

ತಪ್ಪು ಕುವೆಂಪು ಅವರದಲ್ಲ. ಮೊಬೈಲಿನದೂ ಪೂರ್ತಿ ಅಲ್ಲ. ವರ್ಷಗಟ್ಟಲೆ ನಡೆಯದೇ ಇದ್ದವರು ಮೊದಲ ದಿನವೇ ಕುಮಾರಪರ್ವತ ಹತ್ತಲು ಹೊರಟರೆ ಏದುಸಿರು ಬರದೆ ಇದ್ದೀತೆ?

ಬಿಟ್ಟ ಓದನ್ನು ಮತ್ತೆ ಹಿಡಿಯಲು ತೇಜಸ್ವಿಯವರ ‘ಕರ್ವಾಲೊ’ (1980) ಒಳ್ಳೆಯ ಮೆಟ್ಟಿಲು. ಮೂಡಿಗೆರೆಯ ಜೇನುತುಪ್ಪದಿಂದ ಶುರುವಾಗುವ ಕತೆ, ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನ ಬೆನ್ನುಹತ್ತಿ, ಹಾರುವ ಓತಿಯವರೆಗೂ ನಗಿಸುತ್ತಲೇ ಕರೆದೊಯ್ಯುತ್ತದೆ. ಇನ್ನೂ ಸಣ್ಣದು ಬೇಕೆನ್ನುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತವನೊಬ್ಬ, ದಿಢೀರನೆ ದುಡ್ಡು ಕಂಡ ತನ್ನ ಮನೆಯವರ ಕತೆ ಹೇಳುತ್ತಾನೆ. ಹಳೆಯ ಮನೆಯ ಇರುವೆಗಳ ಪುಟಗಳಿಗೆ ಬಂದವರು ಫೋನು ಗುಂಯ್‌ಗುಟ್ಟಿದರೂ ಕೈಚಾಚುವುದು ಅನುಮಾನ. ಶ್ರೀನಾಥ್ ಪೆರೂರರ ಅನುವಾದದಲ್ಲಿ ಅದು ಅಮೆರಿಕದ ಓದುಗರನ್ನೂ ತಲುಪಿತು. ಆಮೇಲೆ ಅದನ್ನು ಕನ್ನಡದಲ್ಲಿ ಹುಡುಕಿಕೊಂಡು ಹೋದ ಕನ್ನಡಿಗರೂ ಇದ್ದಾರೆ, ಇರಲಿ.

ಊಟವಾದ ಮೇಲೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಂದರೆ ಇವೆರಡಕ್ಕೂ ಹೆಚ್ಚು ರಾತ್ರಿಗಳು ಬೇಕಾಗುವುದಿಲ್ಲ. ಆಮೇಲೆ ಗುತ್ತಿಯ ಕಾಡುದಾರಿಗೆ ಮರಳಿ, ಆ ಬಸ್ ಟಿಕೆಟ್ಟನ್ನು ಮುಂದಿನ ಪುಟಕ್ಕೆ ಸರಿಸಬಹುದು.

— ಓದುಗ, ಮೈಸೂರು